ಹಲಗಿ ಹೊಡಸ್ರಿ ಅಂದವರು ಯಾರು

"ಇನ್ನೊಮ್ಮೆ ಹೇಳ್ರಿ ಅಂಬಾರಾಯ. ಫೋನಿನ್ಯಾಗ ಇಂಜಿನಿಯರ್ ಸಾಹೇಬ್ರು ಏನಂದ್ರು?"

"ಎಷ್ಟ್ ಸಲ ಹೇಳ್ಬೇಕ್ರಿ ಮೇಡಂ? 'ಹಲಗಿ ಹೊಡಸ್ರಿ' ಅಂದ್ರು. ಇಷ್ಟ ಅಂದು ಫೋನ್ ಇಟ್ಟುಬಿಟ್ರು."

ಮುಕಾದಮ ಅಂಬಾರಾಯ ಹುಲಿಗುಂಡಿ ಬ್ಯಾರೇಜಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ಇಲ್ಲಿ ನೀರು ಕಟ್ಟುವ, ಬಿಡುವ ಆಳುಗಳಿಗೆಲ್ಲ ಅವನೇ ಯಜಮಾನ. ಆ ಆಳುಗಳಲ್ಲಿ ನಾಲ್ವರು ಅವನ ಹಿಂದೆ ಕಬ್ಬಿಣದ ಸಬ್ಬಲು ಹಿಡಿದು ನಿಂತಿದ್ದರು. ನಮ್ಮ ಜೀಪು ಅವರಾಚೆ ಇತ್ತು. ನಾವು ಈಚೆ, ಹಿಡಿಯಲು ಕಂಬಿಯೂ ಇಲ್ಲದ ಕಿರಿದಾದ ಕಾಂಕ್ರೀಟು ದಾರಿಯ ನಟ್ಟನಡುವೆ. ಎಡಕ್ಕೆ ತುಂಬಿಕೊಳ್ಳುತ್ತಿರುವ ಕಾಗಿಣಾ ನದಿ, ಬಲಕ್ಕೆ ಆಳದಲ್ಲಿ ಬರೀ ಬಂಡೆ.

ನನಗೆ ಹೆದರಿಕೆಯಾಗಿತ್ತು. ಅದನ್ನು ಮುಚ್ಚಿಡುವ ಶೂರ ನಾನಲ್ಲ. ಹೆಸರು ಅಬ್ರಾರ, ಪೊಲೀಸ್ ಜೀಪಿನ ಡ್ರೈವರ್, ಊರು ವಾಡಿ. ನಮ್ಮೂರಲ್ಲಿ ರೈಲು ಬೇಕಾದಷ್ಟಿದೆ, ಸಿಮೆಂಟಿನ ಧೂಳು ಬೇಡವೆಂದರೂ ಸಿಗುತ್ತದೆ. ನೀರು ಮಾತ್ರ ಟ್ಯಾಂಕರಿನಲ್ಲಿ ಬರುವ ವಸ್ತು. ಇಷ್ಟೊಂದು ನೀರು ಒಂದೇ ಕಡೆ ಸುಮ್ಮನೆ ನಿಂತಿರುವುದನ್ನು ಕಂಡರೆ ನನಗೆ ನಂಬಿಕೆಯೇ ಬರುವುದಿಲ್ಲ.

ಸಬ್ ಇನ್ಸ್‌ಪೆಕ್ಟರ್ ಸಂಘಮಿತ್ರಾ ಮೇಡಂ ಮಾತ್ರ ತಮ್ಮೂರು ಚಿತ್ತಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಷ್ಟೇ ಆರಾಮಾಗಿ ನಿಂತಿದ್ದರು.

ಸೋಮವಾರ ಇದೇ ಬ್ಯಾರೇಜಿನಿಂದ ಊರಿಗೆ ಸುಳಿವೂ ಕೊಡದೆ ಬಿಟ್ಟ ನೀರು, ಕೆಳಗೆ ಬಟ್ಟೆ ಒಗೆಯುತ್ತಿದ್ದ ಗುರುಲಿಂಗಮ್ಮನನ್ನು ಕೊಚ್ಚಿಕೊಂಡು ಹೋಗಿತ್ತು. ಅದೇ ದಿನದಿಂದ ಇಂಜಿನಿಯರ್ ಸುರೇಶಕುಮಾರ ಕಾಣೆಯಾಗಿದ್ದರು. ಇವತ್ತು ಗುರುವಾರ.

ಹಲಗಿ ಎಂದರೇನು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹಲಗಿ ಎಂದರೆ ಮರದ ಹಲಗೆ. ಹುಲಿಗುಂಡಿಯದು ಹಳೆಯ ಬ್ಯಾರೇಜು, ಕಬ್ಬಿಣದ ಗೇಟುಗಳಿಲ್ಲ; ಒಂದೊಂದು ಕಂಡಿಗೂ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರು ನಿಲ್ಲಿಸುತ್ತಾರೆ. ಸಬ್ಬಲಿನಿಂದ ಹೊಡೆದು ಅವನ್ನು ಎಬ್ಬಿಸಿದರೆ ನೀರು ಹೊರಟಿತು. ಹಲಗಿ ಎಂದರೆ ಚರ್ಮದ ವಾದ್ಯವೂ ಹೌದು. ಊರಲ್ಲಿ ಡಂಗುರ ಸಾರುವಾಗ ಹೊಡೆಯುವುದು ಅದನ್ನೇ.

"ಸಾಹೇಬ್ರ ಮನಸ್ಸಿನ್ಯಾಗ ಇದ್ದದ್ದು ಡಂಗುರದ ಹಲಗಿ," ಎಂದ ಅಂಬಾರಾಯ, ಪುರಾಣ ಹೇಳುವವನ ನಿಧಾನದಲ್ಲಿ. "ನೀರು ಬರಲಿಕತ್ಯಾದ, ಊರಾಗ ಹಲಗಿ ಹೊಡಸ್ರಿ, ಮಂದಿ ಮ್ಯಾಲ ಹೋಗ್ಲಿ ಅಂತ. ನನ್ನ ಸುಡುಗಾಡು ಕಿವಿಗೆ ಈ ಹಲಗಿ ಕೇಳಸ್ತು. ಹೊಡಸಿಬಿಟ್ಟೆ. ಒಂದು ಹೆಣ್ಣುಜೀವ ಹೋಯ್ತು. ಜೇಲಿಗೆ ಹಾಕ್ರಿ ಮೇಡಂ, ನಾ ಬ್ಯಾಡ ಅನ್ನಂಗಿಲ್ಲ."

ಕಣ್ಣಲ್ಲಿ ನೀರೂ ತಂದುಕೊಂಡ. ನನಗೆ ಅಯ್ಯೋ ಅನ್ನಿಸಿತು. ಕಲಬುರಗಿಯ ನಮ್ಮ ಮೇಲಿನವರಿಗೂ ಹಾಗೇ ಅನ್ನಿಸಿತ್ತು. ಮಾತು ಕೇಳಿಸಿಕೊಂಡದ್ದು ತಪ್ಪಾಯಿತು, ತನ್ನ ಮಾತಿನಿಂದ ಹೆಂಗಸೊಬ್ಬಳು ಸತ್ತಳೆಂದು ಇಂಜಿನಿಯರ್ ಹೆದರಿ ಓಡಿಹೋದ. ಫೈಲು ಮುಚ್ಚಲು ಇದಕ್ಕಿಂತ ಹೆಚ್ಚೇನು ಬೇಕು? ಸುರೇಶಕುಮಾರರ ಫೋನಿನಿಂದ ಅಂಬಾರಾಯನ ಫೋನಿಗೆ ಕರೆ ಬಂದದ್ದೂ ದಾಖಲೆಯಲ್ಲಿ ಸಿಕ್ಕಿತ್ತು.

"ಹಲಗಿ ಅಂತನ ಅಂದ್ರಾ?" ಮೇಡಂ ಕೇಳಿದರು. "ಬ್ಯಾರೆ ಮಾತು ಅನ್ಲಿಲ್ಲ? ನೆನಪ ಮಾಡ್ಕೊಳ್ರಿ."

"ಹಲಗಿ ಅಂತನ ಅಂದ್ರು."

"ನಿಮ್ಮವ್ವನ ಆಣಿ?"

"ನಮ್ಮವ್ವನ ಆಣಿ." ಅಂಬಾರಾಯ ತಂಬಾಕು ಬಾಯಿಗೆ ಹಾಕಿಕೊಂಡು ನಕ್ಕ. "ಅವರ ಮಂದಿ ಮತ್ತೇನಂತಾರ್ರಿ ಮೇಡಂ? ಅದು ಅವರ ಹಿರ್ಯಾರ ಬಾಯಾನ ಮಾತ."

ಆಳುಗಳಲ್ಲೊಬ್ಬ ಕಿಸಕ್ಕೆಂದ. ನಾನು ಮೇಡಂ ಮುಖ ನೋಡಲಿಲ್ಲ. ಅವರೂ ಸುರೇಶಕುಮಾರರ ಹಾಗೆ ಹಲಗಿ ಹೊಡೆಯುವವರ ಕೇರಿಯಿಂದಲೇ ಬಂದವರು. ಅಂಬಾರಾಯನಿಗೆ ಅದು ಗೊತ್ತಿತ್ತೋ ಇಲ್ಲವೋ, ಅಂದು ಮುಗಿಸಿದ್ದ.

"ಹೌದು, ನಮ್ಮ ಹಿರ್ಯಾರದೂ ಅದ ಮಾತಿತ್ತು," ಎಂದರು ಮೇಡಂ, ಸ್ವಲ್ಪವೂ ದನಿ ಏರಿಸದೆ. ಫೋನ್ ತೆಗೆದು ಒಂದು ನಂಬರು ಒತ್ತಿ ಸ್ಪೀಕರಿಗೆ ಹಾಕಿದರು.

"ಲಾಲಮ್ಮಾಯಿ, ನಾನು ಸಂಘಮಿತ್ರಾ."

"ನನ್ನ ಮಗ ಸಿಕ್ಕನೇನವ್ವಾ?" ಆ ಕಡೆಯ ಮುದಿ ದನಿ ಕಾದು ಕುಳಿತಿತ್ತು. ಸುರೇಶಕುಮಾರರ ತಾಯಿ.

"ಹುಡುಕಲಿಕತ್ತೀವಿ ಆಯಿ. ಒಂದು ಮಾತು ಕೇಳ್ಬೇಕಿತ್ತು. ನಿಮ್ಮ ಮನ್ಯಾಗ ಮರದ ಹಲಗಿಗೆ ಏನಂತೀರಿ?"

"ಫಳಿ ಅಂತೀವಿ. ಯಾಕವ್ವಾ?"

"ಹಲಗಿ ಅನ್ನಂಗಿಲ್ಲ?"



"ಅನ್ನಂಗಿಲ್ಲ. ಬೌದ್ಧ ದೀಕ್ಷಾ ತಗೊಂಡ ವರ್ಷ ನಮ್ಮವರು, ಸುರೇಶನ ಅಪ್ಪ ಧರ್ಮಣ್ಣ, ಮನ್ಯಾಗಿನ ಹಲಗಿ ಒಲಿಗೆ ಇಟ್ರು. ಊರ ಮುಂದ ಅದನ್ನ ಹೊಡದು ಹೊಡದು ಅವರ ಕೈ ಮರಗಟ್ಟಿತ್ತವ್ವಾ. ಇವತ್ತಿಂದ ಈ ಮನ್ಯಾಗ ಇದರ ಹೆಸರೂ ಬರಬಾರದು ಅಂದ್ರು. ವಾದ್ಯಕ್ಕೂ ಅನ್ನಂಗಿಲ್ಲ, ಮರಕ್ಕೂ ಅನ್ನಂಗಿಲ್ಲ. ಸುರೇಶ ಸಣ್ಣಾಂವಿದ್ದಾಗ ಸಾಲ್ಯಾಗ ಕಲ್ತು ಬಂದು ಒಮ್ಮೆ ಅಂದಿದ್ದ. ಅವರಪ್ಪ ಎರಡು ದಿನ ಮಾತು ಬಿಟ್ಟಿದ್ರು. ಅದಾದ ಮ್ಯಾಲ ಅವನ ಬಾಯಿಂದ ಆ ಮಾತು ನಾ ಕೇಳೇ ಇಲ್ಲ."

"ಭಾಳ ಉಪಕಾರ ಆಯ್ತು ಆಯಿ."

"ನನ್ನ ಮಗನ್ನ ಜೀವಂತ ತಂದು ಕೊಡವ್ವಾ. ಮತ್ತೇನೂ ಕೇಳಂಗಿಲ್ಲ."

ಅಂಬಾರಾಯನ ದವಡೆ ನಿಂತಿತ್ತು. ತಂಬಾಕು ಕೆನ್ನೆಯೊಳಗೆ ಹಾಗೇ ಇತ್ತು.

"ಡಂಗುರ ಬೇಕಿದ್ರ ಡಂಗುರ ಅಂತಿದ್ರು, ಮೈಕಿನ್ಯಾಗ ಹೇಳ್ರಿ ಅಂತಿದ್ರು," ಎಂದರು ಮೇಡಂ. "ಮರ ತೆಗೀರಿ ಅನ್ನೋದಿದ್ರ ಫಳಿ ತೆಗೀರಿ ಅಂತಿದ್ರು. ಎರಡೂ ಅರ್ಥ ಬರೋ ಮಾತು ಹುಡುಕಿ ಭಾಳ ಹುಷಾರಿ ಮಾಡಿದ್ರಿ. ಆದ್ರ ಆ ಮಾತು ಎಂಥವರ ಬಾಯಾಗ ಇಟ್ಟೀವಿ ಅಂತ ನೋಡ್ಲಿಲ್ಲ. ಅವರ ಫೋನ್ ನಿಮ್ಮ ಕೈಯಾಗಿತ್ತು. ಅದರಿಂದ ನಿಮ್ಮ ಫೋನಿಗೆ ನೀವ ಹಚ್ಚಿದ್ರಿ. ಸುರೇಶಕುಮಾರ ಎಲ್ಲಿ?"

"ಒಂದು ಮಾತು ಹಿಡ್ಕೊಂಡು ಫಾಸಿಗೆ ಏರಸ್ತೀರೇನ್ರಿ?"

ಆಳುಗಳು ಸಬ್ಬಲುಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. ಸುಮ್ಮನೆ ಕೈ ನೋಯುತ್ತಿದ್ದಿರಬಹುದು. ನಾನು ಮೇಡಂ ಹಿಂದಕ್ಕೆ ಒಂದು ಹೆಜ್ಜೆ ಸರಿದೆ. 

ಸುರೇಶಕುಮಾರರಿಗೂ ಇವನಿಗೂ ಏನು ವೈರ? ಅದನ್ನು ನಾವು ನಿನ್ನೆಯಷ್ಟೇ ಪತ್ತೆ ಮಾಡಿದ್ದೆವು. ಚಿಂಚೋಳಿ ಕಡೆ ಮಳೆ ಬಿದ್ದರೆ ಸೇಡಂಗೆ ಎಷ್ಟು ನೀರು ಬರುತ್ತದೆ, ಶಹಾಬಾದಕ್ಕೆ ಯಾವಾಗ ಮುಟ್ಟುತ್ತದೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕ ಹಾಕುವುದು ಸುರೇಶಕುಮಾರರ ಕೆಲಸ. ಅದಕ್ಕೆ ಮಾಡೆಲ್ ಎನ್ನುತ್ತಾರೆ. ನದಿಯ ಒಂದು ನಕಲು ಕಂಪ್ಯೂಟರಿನೊಳಗೆ ಹರಿಯುತ್ತಿರುತ್ತದೆ ಅಂದುಕೊಳ್ಳಿ. ಈಚೆಗೆ ಆ ನಕಲು ನದಿಗೂ ಅಸಲು ನದಿಗೂ ತಾಳೆ ತಪ್ಪಿತ್ತು. ಶಹಾಬಾದಿನ ಹತ್ತಿರ ನೀರು ಲೆಕ್ಕಕ್ಕಿಂತ ಎತ್ತರ ನಿಲ್ಲುತ್ತಿತ್ತು. ಹೋಗಿ ನೋಡಿದರೆ ಯಾವುದೋ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯ ಪುಡಿಯನ್ನೆಲ್ಲ ಲಾರಿಗಟ್ಟಲೆ ತಂದು ನದಿಯೊಳಗೇ ಸುರಿದಿದ್ದರು. ಲಾರಿಗಳು ಅಂಬಾರಾಯನ ಭಾವಮೈದುನನವು.

ಮಂಗಳವಾರ ಸುರೇಶಕುಮಾರರು ಅಧಿಕಾರಿಗಳನ್ನು ಅಲ್ಲಿಗೆ ಕರೆದೊಯ್ಯುವವರಿದ್ದರು. ಸೋಮವಾರವೇ ಬ್ಯಾರೇಜಿನ ನೀರು ಒಮ್ಮೆಲೇ ನುಗ್ಗಿ ಆ ಪುಡಿಯನ್ನೆಲ್ಲ ತೊಳೆದುಕೊಂಡು ಹೋಯಿತು. ಜೊತೆಗೆ ಗುರುಲಿಂಗಮ್ಮನನ್ನೂ.

"ಮೇಡಂ, ಹೊತ್ತಾಗ್ಯಾದ," ಅಂಬಾರಾಯ ಎದ್ದ. "ಚಿಂಚೋಳಿ ಕಡೆ ಭಾಳ ಮಳಿ ಆಗ್ಯಾದ. ಇವತ್ತ ನೀರು ಬಿಡ್ರಿ ಅಂತ ಕಲಬುರಗಿಯಿಂದ ಆರ್ಡರ್ ಬಂದದ. ನಿಮ್ಮ ಮಾತು ಮುಗೀಲಿ ಅಂತ ತಡದೀನಿ."

ಅಷ್ಟರಲ್ಲಿ ಮೇಡಂ ಕೈಯಲ್ಲಿನ ಫೋನ್ ಬಡಿದುಕೊಂಡಿತು. ಕಲಬುರಗಿಯ ಶೈಲಶ್ರೀ. ಸುರೇಶಕುಮಾರರ ಪಕ್ಕದ ಕುರ್ಚಿಯಲ್ಲಿ ಕುಳಿತು ಅದೇ ಮಾಡೆಲ್ ನೋಡಿಕೊಳ್ಳುವ ಹುಡುಗಿ. ಸೋಮವಾರದಿಂದ ಬಂದ ನೀರಿನ ಮಟ್ಟಗಳನ್ನೆಲ್ಲ ತೆಗೆದು ನೋಡು, ಕಂಪ್ಯೂಟರ್ ಬೇಡವೆಂದು ಬಿಟ್ಟದ್ದನ್ನೂ ಬಿಡಬೇಡ ಎಂದು ಮೇಡಂ ಬೆಳಿಗ್ಗೆಯೇ ಹೇಳಿದ್ದರು. ಸ್ಪೀಕರ್ ಆರಿಸಿರಲಿಲ್ಲ. ಎಲ್ಲರಿಗೂ ಕೇಳಿಸಿತು.

"ಮೇಡಂ, ಏನೋ ಸಿಕ್ಕದ್ರಿ, ಹ್ಯಾಂಗ ಹೇಳ್ಬೇಕೋ ತಿಳೀವಲ್ದು."

"ಸಾವಕಾಶ ಹೇಳು."

"ನದಿ ಮಟ್ಟ ಅಳೀಲಿಕ್ಕೆ ನಮ್ಮವು ಎರಡು ಬಾವಿ ಅವ್ರಿ. ಒಂದು ಬ್ಯಾರೇಜಿನ ಹತ್ರ, ಒಂದು ಕೆಳಗ ಶಹಾಬಾದಿನ ಹತ್ರ. ಸಿಮೆಂಟಿನ ದೊಡ್ಡ ಕೊಳವಿ ಇದ್ದಂಗ, ಒಳಗ ಒಬ್ಬರು ಕೂಡೋವಷ್ಟು ಕಟ್ಟಿ. ತಳದಾಗ ಕಿಂಡಿ, ನದಿ ಎಷ್ಟು ಏರ್ತದೋ ಒಳಗ ಅಷ್ಟೇ ಏರ್ತದ. ಒಳಗ ಒಂದು ಡಬ್ಬಿ ತೇಲ್ತಿರ್ತದ. ಅದು ಎಷ್ಟು ಎತ್ತರದಾಗ ಅದ ಅಂತ ಮಷೀನು ಹದಿನೈದು ನಿಮಿಷಕ್ಕೊಮ್ಮೆ ನಮಗ ಕಳಸ್ತದ."

"ಮುಂದ?"

"ಶಹಾಬಾದ ಬಾವಿದು ಸೋಮವಾರದಿಂದ ಹುಚ್ಚು ಹಿಡದಂಗ ಮಾಡ್ಲಿಕತ್ತದ. ಒಂದು ಸಲ ಮೊಳದುದ್ದ ಮ್ಯಾಲ. ಮುಂದಿನ ಸಲ ಕೆಳಗ. ಮತ್ತ ಮ್ಯಾಲ, ಮತ್ತ ಕೆಳಗ. ನದಿ ಹಂಗ ಏರಿಳಿಯಂಗಿಲ್ರಿ ಮೇಡಂ."

ಮೇಡಂ ಫೋನನ್ನು ಬಾಯಿಯ ಹತ್ತಿರ ತಂದರು. "ಯಾರೋ ಕೈಲೆ ಡಬ್ಬಿ ಎತ್ತಲಿಕತ್ಯಾರ."

"ಹೌದ್ರಿ. ಕಳಸೋ ಹೊತ್ತಿಗೆ ಮಷೀನಿನ್ಯಾಗ ಒಂದು ಕೆಂಪು ದೀಪ ಹತ್ತತದ. ಅದರ ಅರ್ಥ ಏನಂತ ನನಗ, ಸರ್‌ಗೆ ಬಿಟ್ರ ಯಾರಿಗೂ ಗೊತ್ತಿಲ್ಲ. ಸುರೇಶ ಸರ್ ಒಳಗದಾರ್ರಿ."

"ಮತ್ತ ಇಷ್ಟು ದಿನ ಯಾಕ ಹೇಳ್ಲಿಲ್ಲವ್ವಾ?"

ಶೈಲಶ್ರೀ ಅಳತೊಡಗಿದಳು. "ನದಿ ಮಾಡಲಾರದ್ದನ್ನ ಮಷೀನು ತೋರಿಸಿದ್ರ ಅದು ಕೆಟ್ಟ ಅಂಕಿ ಅಂತ ಕಂಪ್ಯೂಟರ್ ತಾನ ಬದಿಗೆ ಒಗೀತದ. ನಮ್ಮ ಪರದೆ ಮ್ಯಾಲ ಬರಂಗೇ ಇಲ್ಲ. ಆ ನಿಯಮ ಸರೇ ಹಾಕಿದ್ರು."

 ಒಬ್ಬ ಮನುಷ್ಯ ಕತ್ತಲೆಯ ಬಾವಿಯಲ್ಲಿ ಸೋಮವಾರದಿಂದ ಕೂಗುತ್ತಿದ್ದಾನೆ. ಅವನ ಕೂಗನ್ನು ಅವನದೇ ಮಾಡೆಲ್ ಹದಿನೈದು ನಿಮಿಷಕ್ಕೊಮ್ಮೆ ಕಸಕ್ಕೆ ಎಸೆಯುತ್ತಿದೆ. ಕೆಂಪು ದೀಪ ಬರುವತನಕ ಎಚ್ಚರವಾಗಿ ಕಾಯುವುದು, ಡಬ್ಬಿ ಎತ್ತಿ ಹಿಡಿಯುವುದು, ಮತ್ತೆ ಕಾಯುವುದು. ಸತ್ಯವಾಗಿ ಹೇಳುತ್ತೇನೆ, ನನಗೆ ಅಳು ಬಂತು.

"ಹೊಡೀರೋ ಹಲಗಿ!" ಎಂದು ಅಂಬಾರಾಯ ಒಮ್ಮೆಲೇ ಚೀರಿದ.

ಆಳುಗಳು ಮೊದಲ ಕಂಡಿಗೆ ಓಡಿದರು. ಸಬ್ಬಲು ಮರಕ್ಕೆ ಬಿದ್ದ ಸದ್ದಿಗೆ ಕಾಲ ಕೆಳಗಿನ ಕಾಂಕ್ರೀಟು ನಡುಗಿತು. ಇಲ್ಲಿ ನೀರು ಬಿಟ್ಟರೆ ಅದು ನೇರ ಶಹಾಬಾದಕ್ಕೆ. ಅಲ್ಲಿ ಬಾವಿಯೊಳಗೆ ಸುರೇಶಕುಮಾರ.

ಮೇಡಂ ಪಿಸ್ತೂಲು ಹೊರತೆಗೆದರು. ಅವರೊಂದಿಗೆ ಕೆಲಸ ಮಾಡಲು ಬಂದ ಮೇಲೆ ನಾನು ಅದನ್ನು ಕಂಡದ್ದು ಅದೇ ಮೊದಲು.

"ಒಂದು ಹಲಗಿ ಮುಟ್ಟಿದ್ರ ಸುಡ್ತೀನಿ. ಸಬ್ಬಲು ಒಗೀರಿ. ಅಲ್ಲಲ್ಲ, ಕೆಳಗಲ್ಲ, ನೀರಿಗೆ ಒಗೀರಿ!"

ನಾಲ್ಕು ಸಬ್ಬಲುಗಳೂ ಕಾಗಿಣೆಯೊಳಗೆ ಮುಳುಗಿದವು. ಆಳುಗಳು ಕೈ ಮೇಲೆತ್ತಿದರು. ಅಂಬಾರಾಯ ಒಂದು ಮಾತೂ ಎದುರಾಡಲಿಲ್ಲ. ನಾನು ಬೇಡಿ ಹಾಕುವಾಗ ಕೈ ಮುಂದೆ ಚಾಚಿ ಕೊಟ್ಟ, ಬಳೆ ತೊಡಿಸಿಕೊಳ್ಳುವವರ ಹಾಗೆ.

"ಆಯ್ತ್ರಿ ಮೇಡಂ. ನೀವು ಹೇಳಿದಂಗ ಆಗ್ಲಿ. ನೀರು ಬಿಡಂಗಿಲ್ಲ," ಎಂದ.

ಇಷ್ಟು ಸಲೀಸಾಗಿ ಯಾಕೆ ಒಪ್ಪಿದ? ಆಗಲೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಗೆದ್ದೆವೆಂಬ ಖುಷಿಯಲ್ಲಿ ನಾನು ನನ್ನ ಹೆದರಿಕೆಯನ್ನೇ ಮರೆತಿದ್ದೆ.

ಮೇಡಂ ಶಹಾಬಾದಿಗೆ ಫೋನ್ ಮಾಡಿದರು. ಅಲ್ಲಿನ ಹೆಡ್ ಕಾನ್ಸ್‌ಟೇಬಲ್ ಬಾಬುಮಿಯಾ ನನ್ನ ಹಳೆಯ ಸ್ನೇಹಿತ, ಕೆಲಸಕ್ಕೆ ನಿಂತರೆ ಕುಳಿತುಕೊಳ್ಳುವವನಲ್ಲ. ಬೀಗ ಒಡೆಯುವವನನ್ನು ಕರೆದುಕೊಂಡು ಬಾವಿಗೆ ಹೊರಟ. ಹಲಗೆ ತೆಗೆಯದೆ ಕಟ್ಟಿಟ್ಟರೂ ಮೇಲಿನ ಊರುಗಳಿಗೆ ನೀರು ನುಗ್ಗುವ ಮೊದಲು ಒಂದು ತಾಸು ಪುರುಸೊತ್ತು ಸಿಗುತ್ತದೆ, ಅಷ್ಟರೊಳಗೆ ಅವರನ್ನು ಹೊರತೆಗೆಯಿರಿ ಎಂದು ಕಲಬುರಗಿಯವರು ಹೇಳಿದರು.

ನಾವು ಕಾದೆವು. ಎಡಗಡೆ ನೀರು ಏರುತ್ತಲೇ ಇತ್ತು. ಚಿಂಚೋಳಿಯ ಕೆಮ್ಮಣ್ಣು, ಜಾಲಿಯ ಟೊಂಗೆ, ಯಾರದೋ ಪ್ಲಾಸ್ಟಿಕ್ ಕೊಡ ಎಲ್ಲ ಬಂದು ಹಲಗೆಗಳಿಗೆ ಒತ್ತಿಕೊಂಡವು. ಮರ ಕಿರುಗುಟ್ಟುವುದು ಕೇಳಿಸುತ್ತಿತ್ತು. ನನ್ನ ಹೆದರಿಕೆ ದಾರಿ ಹುಡುಕಿಕೊಂಡು ವಾಪಸು ಬಂತು.

ಕೊನೆಗೆ ಬಾಬುಮಿಯಾನ ಫೋನ್ ಬಂತು.

"ಮೇಡಂ, ಮುಚ್ಚಳ ಒಡದೀವ್ರಿ."

"ಹ್ಯಾಂಗದಾರ?"

"ಯಾರೂ ಇಲ್ರಿ."

"ಏನು?"

"ಬಾವಿ ಖಾಲಿ ಅದ. ಬ್ಯಾಟರಿ ಬಿಟ್ಟು ನೋಡೀನಿ, ಒಂದು ಕಪ್ಪಿ ಬಿಟ್ರ ಏನಿಲ್ಲ. ಡಬ್ಬಿ ತಣ್ಣಗ ತೇಲ್ಲಿಕತ್ತದ. ಬೀಗಕ್ಕ ತುಕ್ಕು ಹಿಡದದ. ಈಚೀಗೆ ಯಾರೂ ತೆಗದಂಗಿಲ್ರಿ."

ಮೇಡಂ ಬಾಯಿ ತೆರೆಯುವ ಮೊದಲೇ ಇನ್ನೊಂದು ಕರೆ. ಶೈಲಶ್ರೀ.

"ಮೇಡಂ, ಸರ್‌ನ ಇನ್ನೂ ಹೊರಗ ತಗದಿಲ್ಲೇನ್ರಿ? ಈಗ ಮತ್ತೊಂದು ಅಂಕಿ ಬಂತು. ಮ್ಯಾಲ ಎತ್ಯಾರ."

"ಈಗ? ಶಹಾಬಾದ ಬಾವಿಯಿಂದ?"

"ಹೌದ್ರಿ. ಇನ್ನೊಂದು ಏನಂದ್ರ, ಡಬ್ಬಿ ಕೆಳಗ ಬಿಟ್ಟಾಗಿನ ಮಟ್ಟಾನೂ ಏರಲಿಕತ್ತದ. ಪ್ರತಿ ಸಲಾನೂ ಒಂದು ಗೇಣು. ಅಲ್ಲಿ ನೀರು ಭಾಳ ಜೋರು ಬರಲಿಕತ್ಯಾದ ಮೇಡಂ, ಜಲ್ದಿ ತಗೀರಿ."

"ನಾವು ಇಲ್ಲಿ ನೀರೇ ಬಿಟ್ಟಿಲ್ಲ ಶೈಲಶ್ರೀ," ಮೇಡಂ ಒಂದೊಂದೇ ಮಾತು ಜೋಡಿಸಿ ಹೇಳಿದರು. "ಕೆಳಗ ನದಿ ಹ್ಯಾಂಗ ಏರ್ತದ?"

ಅವರು ಎಡಗಡೆಯ ನೀರಿನತ್ತ ನೋಡಿದರು.

"ನೀರು ಏರಲಿಕತ್ತದ್ದು ಒಂದೇ ಕಡೆ," ಎಂದರು ಮೇಡಂ. "ಇಲ್ಲಿ. ಬ್ಯಾರೇಜಿನ ಈ ಮಗ್ಗಲಿಗೆ."

"ಅಯ್ಯೋ ಮೇಡಂ..." ಶೈಲಶ್ರೀಯ ದನಿ ಒಡೆಯಿತು. "ರವಿವಾರ ಸರ್ ಎರಡೂ ಮಷೀನು ರಿಪೇರಿಗೆ ತಗದಿದ್ರು. ತಿರುಗಿ ಹಚ್ಚೋವಾಗ ಅದಲಿ ಬದಲಿ ಆಗ್ಯಾವ, ಸೋಮವಾರ ಬಂದು ಕಂಪ್ಯೂಟರಿನ್ಯಾಗ ಹೆಸರು ತಿದ್ತೀನಿ ಅಂದಿದ್ರು. ಸೋಮವಾರ ಅವರು ಬರಲೇ ಇಲ್ಲ. ಇಷ್ಟು ಮಳಿಯಾದ್ರೂ ಬ್ಯಾರೇಜಿನ ಮಟ್ಟ ಯಾಕ ಏರವಲ್ದು ಅಂತ ಮುಂಜಾನಿಂದ ತಲಿ ಕೆಡಸ್ಕೊಂಡು ಕುಂತೀನಿ. ಶಹಾಬಾದ ಅಂತ ತೋರಸ್ಲಿಕತ್ತದ್ದು ಶಹಾಬಾದ ಅಲ್ರಿ. ಅದು ನೀವು ನಿಂತ ಜಾಗ."

ಮೇಡಂ ತಿರುಗಿದರು. ನಾನೂ ತಿರುಗಿದೆ.

ಬ್ಯಾರೇಜಿನ ನಮ್ಮ ಹಿಂದಿನ ತುದಿಯಲ್ಲಿ, ನಿಂತ ನೀರಿನ ಮಗ್ಗಲಿಗೆ ಹೊಂದಿಕೊಂಡು ಒಂದು ದುಂಡನೆಯ ಸಿಮೆಂಟು ಕಟ್ಟಡವಿತ್ತು. ನಾವು ಬಂದಾಗ ಅದು ಆಳೆತ್ತರ ಕಾಣುತ್ತಿತ್ತು. ಈಗ ಅದರ ಕಬ್ಬಿಣದ ಮುಚ್ಚಳಕ್ಕೂ ನೀರಿಗೂ ನಡುವೆ ಒಂದು ಗೇಣೂ ಉಳಿದಿರಲಿಲ್ಲ.

ನಾವಿಬ್ಬರೂ ಓಡಿದೆವು. ನನ್ನ ಕಾಲು ಹೇಗೆ ಓಡಿತೋ ತಿಳಿಯದು. ಮುಚ್ಚಳಕ್ಕೆ ಅಂಗೈಯಷ್ಟು ದೊಡ್ಡ ಹೊಸ ಬೀಗ ಜಡಿದಿತ್ತು. ಮೇಡಂ ಬಗ್ಗಿ ಕಿವಿಯಿಟ್ಟರು. ಒಳಗಿನಿಂದ ಮೆಲ್ಲಗೆ ಬಡಿಯುವ ಸದ್ದು. ತಡೆದು ತಡೆದು, ಸೋತ ಕೈಯ ಸದ್ದು.

"ಸುರೇಶಣ್ಣಾ! ಕೇಳಸ್ಲಿಕತ್ತದೇನು?"

ಸದ್ದು ಒಮ್ಮೆಲೇ ಜೋರಾಯಿತು.

ಬೀಗ ಒಡೆಯಲು ಸಬ್ಬಲು ಬೇಕಿತ್ತು. ಹಲಗೆ ಎಬ್ಬಿಸಿ ನೀರು ಇಳಿಸಲೂ ಅದೇ ಬೇಕಿತ್ತು, ನಾಲ್ಕೂ ಕಾಗಿಣೆಯ ತಳದಲ್ಲಿದ್ದವು. ಮೇಡಂ ಗುಂಡು ಹಾರಿಸಿದರು. ಗುಂಡು ಬೀಗಕ್ಕೆ ಬಡಿದು ಎಲ್ಲಿಗೋ ಸಿಡಿಯಿತು. ಬೀಗ ಹಾಗೇ ಇತ್ತು. ನಾನು ಬರಿಗೈಯಲ್ಲಿ ಮುಚ್ಚಳ ಹಿಡಿದು ಎಳೆದೆ, ಉಗುರು ಕಿತ್ತುಬಂತು.

"ಕೀಲಿ ಎಲ್ಲಿ?" ಮೇಡಂ ಚೀರಿದರು.

ಅಂಬಾರಾಯ ಬೇಡಿ ಹಾಕಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬಿಸಿಲು ಕಾಯುವವನಂತೆ ಕುಳಿತಿದ್ದ. ತಂಬಾಕು ಉಗುಳಿ ಬಾಯಿ ಒರೆಸಿಕೊಂಡ.

"ಯಾವ ಕೀಲಿರಿ? ನಾನು ನೀರು ಬಿಡ್ರಿ ಅಂದೆ. ಆರ್ಡರ್ ಪ್ರಕಾರ ಬಿಡ್ಲಿಕ್ಕೂ ಹತ್ತಿದ್ದೆ. ಪಿಸ್ತೂಲ ತೋರಿಸಿ ಬ್ಯಾಡ ಅಂದವರು ನೀವು. ಸಬ್ಬಲು ನೀರಿಗೆ ಒಗಸ್ದವರೂ ನೀವ. ನಾಕು ಮಂದಿ ಸಾಕ್ಷಿ ಅದಾರ." ಅವನು ನಕ್ಕ. "ಈ ಸಲ 'ಹಲಗಿ ಮುಟ್ಟಬ್ಯಾಡ್ರಿ' ಅಂದವರು ಯಾರಂತ ಎಲ್ಲಾರೂ ಕೇಳ್ಯಾರ ಮೇಡಂ."

ನೀರು ಮುಚ್ಚಳವನ್ನು ಮುಟ್ಟಿತು. ಒಳಗೆ ಬಡಿಯುವ ಸದ್ದು ನಿಂತಿತು.